ಒಂದು ಸೆಮಿಸ್ಟರ್ ಮುಗಿಸಿ ಬಂದ ಮಗಳು ಮಂಕಾಗಿದ್ದಾಳೆ, ನಿಮ್ಮ ಅನುಭವ ಹೇಳಿ

ಡೊಂಬಿವಲಿಯ ಅಮ್ಮ:
ಮಗಳು ಅಕ್ಟೋಬರ್‌ನಿಂದ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಒಂದು ಸೆಮಿಸ್ಟರ್ ಓದಿ ಬಂದಳು. ಬಂದು ಮೂರು ವಾರವಾಯಿತು. ಸ್ಟೇಷನ್ ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಭಾನುವಾರ ಮಾರ್ಕೆಟ್‌ಗೆ ಕರೆದರೆ, "ಅಲ್ಲಿ ಭಾನುವಾರ ಅಂಗಡಿಗಳೇ ತೆರೆಯಲ್ಲ, ಎಷ್ಟು ನೆಮ್ಮದಿ" ಅನ್ನುತ್ತಾಳೆ. "ಆರು ತಿಂಗಳಿಗೇ ಇಷ್ಟು ಬದಲಾದೆಯಾ" ಎಂದೆ, ಅತ್ತುಬಿಟ್ಟಳು. ಸುಮ್ನೆ ಬಿಡಬೇಕೋ, ಮಾತಾಡಿಸಬೇಕೋ?

ಪುಣೆಯ ವಿದ್ಯಾರ್ಥಿ, ಕೊತ್ರೂಡ್:
ಆಂಟಿ, ಇದು ಜೆಟ್ ಲ್ಯಾಗ್ ಅಲ್ಲ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ನಿದ್ದೆ ಒಂದು ವಾರದಲ್ಲಿ ಸರಿಹೋಗುತ್ತದೆ. ನಾನೂ ಜರ್ಮನಿಯಿಂದಲೇ ಬಂದವನು. ಬಂದ ದಿನ ಎಲ್ಲರೂ "ಚಳಿ ಎಷ್ಟಿತ್ತು, ಊಟಕ್ಕೆ ಏನ್ ಮಾಡ್ದೆ" ಎಂದು ಕೇಳಿದರು. ಎರಡೇ ನಿಮಿಷ. ಆಮೇಲೆ ಮಾತು ಅಣ್ಣನ ಮದುವೆ ಹಾಲ್ ಕಡೆ ತಿರುಗಿತು. ನನ್ನ ಹೊಟ್ಟೆಯಲ್ಲಿ ಆರು ತಿಂಗಳ ಕತೆ ಹಾಗೇ ಉಳಿಯಿತು.

ಒಂದು ದಿನ ಖಾಲಿ ನೀರಿನ ಬಾಟಲಿ ಎಸೆಯಲು ಕೈ ಬರದೆ ನಿಂತಿದ್ದೆ. ಅಜ್ಜಿ ಯಾಕೋ ಎಂದರು. ಅಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಸೂಪರ್‌ಮಾರ್ಕೆಟ್‌ನ ಮೆಷಿನ್‌ಗೆ ಹಾಕಿದರೆ 25 ಸೆಂಟ್ ವಾಪಸ್, ಕೊನೆ ವಾರದ ಹಾಲು ಬ್ರೆಡ್ಡೆಲ್ಲ ಆ ದುಡ್ಡಲ್ಲೇ ಆಯಿತು ಎಂದೆ. "ಅಂದ್ರೆ ನಮ್ಮ ಭಂಗಾರ್‌ವಾಲಾನ (ಗುಜರಿಯವನ) ಕೆಲಸ ಮೆಷಿನ್ ಮಾಡುತ್ತಾ?" ಎಂದು ಅಲ್ಲೇ ಕೂತರು. ಒಂದು ಗಂಟೆ ಮಾತಾಡಿದೆವು. ನನಗೆ ಊರಿಗೆ ಬಂದೆ ಅನ್ನಿಸಿದ್ದು ಅವತ್ತು. ನೀವೂ "ಹೇಗಿತ್ತು" ಎಂದು ಕೇಳಬೇಡಿ. ಕಸ ಎಲ್ಲಿ ಹಾಕ್ತಿದ್ದೆ, ಪಕ್ಕದ ರೂಮಿನವಳು ಏನು ಅಡುಗೆ ಮಾಡ್ತಿದ್ದಳು, ಹೀಗೆ ಕೇಳಿ.

ಮಾಟುಂಗಾದಿಂದ:
ನಾನು ಇಷ್ಟು ಮೆತ್ತಗಿನವಳಲ್ಲ ಅಕ್ಕ. ನನ್ನ ಮಗ ಬಂದಾಗ ನಾಲ್ಕನೇ ದಿನವೇ ಕಾಫಿಪುಡಿ ತರಲು ಕಳಿಸಿದೆ. ಕೆಲಸ ಕೊಡಿ, ಮೂಲೆ ಹಿಡಿಯೋದು ಕಡಿಮೆಯಾಗುತ್ತೆ. ಆದರೆ ಬೆಳಗಿನ ಫಾಸ್ಟ್ ಲೋಕಲ್ ರೈಲಿಗೆ ಹತ್ತಿಸಬೇಡಿ, ಅದು ನಮಗೇ ಆಗಲ್ಲ. ಮಧ್ಯಾಹ್ನ, ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್‌ನಲ್ಲಿ ಕಿಟಕಿ ಸೀಟು ಹಿಡಿದು ಬರಲಿ.

ಗೋವಾದ ವಾಸ್ಕೋದಿಂದ, ಎರಡು ವರ್ಷ ಹಿಂದೆ ಯುರೋಪಿನಿಂದ ಬಂದವಳು:
ಯಾರೂ ಹೇಳದ ಒಂದು ಮಾತು. ಮಾರ್ಕ್ಸ್ ವಿಷಯ ಕೇಳಿದ್ರಾ? ಯುರೋಪಿನಲ್ಲಿ ಒಂದು ಸೆಮಿಸ್ಟರ್ ಅಂದರೆ ಸಾಮಾನ್ಯವಾಗಿ 30 ಕ್ರೆಡಿಟ್, ಅಂದರೆ ಓದಿದ ವಿಷಯಗಳಿಗೆ ಸಿಗುವ ಪಾಯಿಂಟು. ಅದನ್ನು ಇಲ್ಲಿನ ಕಾಲೇಜು ಒಪ್ಪಬೇಕು. ನನ್ನ ಒಂದು ವಿಷಯ ಒಪ್ಪದೆ ಮತ್ತೆ ಪರೀಕ್ಷೆ ಬರೆಸಿದರು. ಇಷ್ಟು ಖರ್ಚು ಮಾಡಿದ ಅಪ್ಪನಿಗೆ ಹೇಗೆ ಹೇಳಲಿ ಎಂದು ಒಂದು ತಿಂಗಳು ಬಾಯಿ ಬಿಡಲಿಲ್ಲ. ಮನೆಯವರು ಅದನ್ನು ಫಾರಿನ್ ಜಂಬ ಅಂದುಕೊಂಡರು. ಹೋಗುವ ಮೊದಲು ಸಹಿ ಹಾಕಿಸಿದ ವಿಷಯಗಳ ಪಟ್ಟಿ ಇದ್ದರೆ ಹುಡುಕಿಡಿ, ವಾದಕ್ಕೆ ಅದೇ ಆಧಾರ.

ಮುಂದೆ ಹೋಗುವವರಿಗೂ ಒಂದು ಮಾತು: ಇಲ್ಲಿನ ಪ್ರೀಪೇಯ್ಡ್ ಸಿಮ್‌ನಲ್ಲಿ 20 ರೂಪಾಯಿಯಾದರೂ ಇರಲಿ. 90 ದಿನ ಬಳಸದೆ, ಬ್ಯಾಲೆನ್ಸೂ ಇಲ್ಲದಿದ್ದರೆ ನಂಬರ್ ಹೋಗಬಹುದು. ನನ್ನದು ಹೋಯಿತು, ಬ್ಯಾಂಕ್ ಒಟಿಪಿಗೆ ಪರದಾಡಿದೆ.

ಡೊಂಬಿವಲಿಯ ಅಮ್ಮ:
ನಿನ್ನೆ ಬಾಟಲಿ ಬಗ್ಗೆ ಕೇಳಿದೆ. ಅವಳು ಕೂಲ್‌ಡ್ರಿಂಕ್ ಡಬ್ಬಿಗಳನ್ನೂ ಮೆಷಿನ್‌ಗೆ ಹಾಕ್ತಿದ್ದಳಂತೆ, ಕೊನೆಗೆ ಹನ್ನೊಂದು ಯೂರೋ ಬಂತಂತೆ. ಹೇಳ್ತಾ ಹೇಳ್ತಾ ಕ್ರೆಡಿಟ್ ವಿಷಯವೂ ಹೊರಬಂತು. ಎರಡು ಸಬ್ಜೆಕ್ಟ್ ಇಲ್ಲಿನ ಕಾಲೇಜು ಒಪ್ಪಿಲ್ಲವಂತೆ. ಸೋಮವಾರ ಇಬ್ಬರೂ ಕಾಲೇಜಿಗೆ ಹೋಗ್ತೀವಿ, ಮಧ್ಯಾಹ್ನದ ಸ್ಲೋ ಲೋಕಲ್‌ಗೆ.