ಐಡಲ್‌ನಲ್ಲಿ ಗಡಗಡ, ಕ್ಲಚ್ ಒತ್ತಿದರೆ ಮೌನ: ರಿಲೀಸ್ ಬೇರಿಂಗೋ, ಫ್ಲೈವೀಲೋ?

ಶಿರಸಿಯಿಂದ ಪ್ರಶ್ನೆ

ನಮಸ್ಕಾರ. ನನ್ನದು 2014ರ ಡೀಸೆಲ್ ಕಾರು, ಐದು ಗೇರಿನದು, 1,30,000 ಕಿ.ಮೀ. ದಾಟಿದೆ. ದೇವಿಮನೆ ಘಟ್ಟದ ಮೇಲೆ ಕುಮಟಾಕ್ಕೆ ಓಡಾಟ ಹೆಚ್ಚು. ಈ ಮಳೆಗಾಲ ಮುಗಿದ ಮೇಲೆ ಗಾಡಿ ನಿಂತಲ್ಲೇ ಚಾಲೂ ಇರುವಾಗ ಗೇರ್ ಬಾಕ್ಸ್ ಕಡೆಯಿಂದ ಶಬ್ದ ಬರುತ್ತಿದೆ, ಡಬ್ಬಿಯಲ್ಲಿ ಚಾಲಿ ಅಡಿಕೆ ಹಾಕಿ ಅಲ್ಲಾಡಿಸಿದ ಹಾಗೆ. ಕ್ಲಚ್ ಒತ್ತಿದರೆ ಬಹುಪಾಲು ನಿಲ್ಲುತ್ತದೆ. ಒಂದು ಗ್ಯಾರೇಜಿನಲ್ಲಿ ಬಾನೆಟ್ ತೆರೆದು ಸ್ವಲ್ಪ ಹೊತ್ತು ಕೇಳಿ, ‘ರಿಲೀಸ್ ಬೇರಿಂಗ್ ಹೋಗಿದೆ, ಕ್ಲಚ್ ಸೆಟ್ ಹಾಕಿಬಿಡೋಣ’ ಎಂದರು. ಆದರೆ ಕ್ಲಚ್ ಜಾರುತ್ತಿಲ್ಲ, ಗೇರೂ ಸಲೀಸಾಗಿ ಬೀಳುತ್ತದೆ. ಅಷ್ಟು ದುಡ್ಡು ಸುರಿಯುವ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ತಿಳಿದವರು ದಯವಿಟ್ಟು ಹೇಳಿ.

ಕುಮಟಾದಿಂದ

ಮೊದಲು ಸೈಲೆನ್ಸರ್ ಪೈಪಿನ ಮೇಲಿನ ಶಾಖ ತಡೆಯುವ ತಗಡು ನೋಡಿ. ಕರಾವಳಿಯ ಉಪ್ಪುಗಾಳಿಗೆ ಅದರ ಕ್ಲಿಪ್ಪುಗಳು ತುಕ್ಕು ಹಿಡಿದು ಸಡಿಲವಾಗುತ್ತವೆ. ಐಡಲ್‌ನಲ್ಲಿ ಅದು ಮಾಡುವ ಸದ್ದಿಗೆ ಎಷ್ಟೋ ಜನ ಎಂಜಿನ್ನನ್ನೇ ಬಿಚ್ಚಿಸಿದ್ದಾರೆ. ಪೈಪ್ ತಣ್ಣಗಿರುವಾಗ ಕೈಯಿಂದ ತಟ್ಟಿದರೆ ಗೊತ್ತಾಗುತ್ತದೆ.

ಕಾರವಾರದಿಂದ

ಮಾರಾಯರೇ, ಗೇರ್ ಬಾಕ್ಸ್ ಇಳಿಸಲು ಈಗಲೇ ಒಪ್ಪಬೇಡಿ. ರಿಲೀಸ್ ಬೇರಿಂಗ್ ಎಂದರೆ ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳಿ ಬಿಡಿಸುವ ಬೇರಿಂಗ್. ಅದು ಸವೆದರೆ ಸಾಮಾನ್ಯವಾಗಿ ಕ್ಲಚ್ ಒತ್ತಿದಾಗ ಕೂಗುತ್ತದೆ, ಏಕೆಂದರೆ ಆಗಲೇ ಅದರ ಮೇಲೆ ಭಾರ ಬೀಳುವುದು. ನಿಮ್ಮದು ತದ್ವಿರುದ್ಧ.

ನ್ಯೂಟ್ರಲ್‌ನಲ್ಲಿ ಕಾಲು ತೆಗೆದಿದ್ದಾಗ ಕ್ಲಚ್ ಪ್ಲೇಟ್ ಎಂಜಿನ್ ಜೊತೆ ತಿರುಗುತ್ತದೆ, ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟನ್ನೂ ತಿರುಗಿಸುತ್ತದೆ. ಪೂರ್ತಿ ಒತ್ತಿದಾಗ ಶಾಫ್ಟ್ ನಿಂತುಬಿಡುತ್ತದೆ. ಆದ್ದರಿಂದ ಒತ್ತಿದಾಗ ನಿಲ್ಲುವ ಶಬ್ದ ಮೂರು ಕಡೆಯಿಂದ ಬಂದಿರಬಹುದು: ಇನ್‌ಪುಟ್ ಶಾಫ್ಟಿನ ಬೇರಿಂಗ್, ಹಲ್ಲಿಗೆ ಹಲ್ಲು ತಾಗಿ ಕುಣಿಯುವ ಗೇರುಗಳು, ಅಥವಾ ಕ್ಲಚ್ ಪ್ಲೇಟಿನಲ್ಲೋ ಫ್ಲೈವೀಲಿನಲ್ಲೋ (ಎಂಜಿನ್ನಿನ ತುದಿಯಲ್ಲಿ ಕ್ಲಚ್ ಕೂರುವ ಭಾರದ ಚಕ್ರ) ಇದ್ದು ಎಂಜಿನ್ನಿನ ಅದುರನ್ನು ಹೀರಿಕೊಳ್ಳಬೇಕಾದ ಸ್ಪ್ರಿಂಗುಗಳು. ಒತ್ತಿದರೂ ಬಿಟ್ಟರೂ ಒಂದೇ ಸಮನೆ ಇರುವ ಶಬ್ದವಾದರೆ ಕ್ಲಚ್ಚಿನ ತಂಟೆಗೇ ಹೋಗಬೇಡಿ, ಬೆಲ್ಟ್, ಮೌಂಟ್, ತಗಡು ನೋಡಿ.

ಆದರೂ ರಿಲೀಸ್ ಬೇರಿಂಗಿಗೆ ಒಂದು ಅವಕಾಶ ಉಳಿದಿದೆ. ಹಲವು ಕಾರುಗಳಲ್ಲಿ ಅದು ಸದಾ ಹಗುರವಾಗಿ ತಾಗಿಕೊಂಡೇ ಇರುತ್ತದೆ. ಸವೆದಾಗ ಭಾರವಿಲ್ಲದೆ ಚಿಲಿಪಿಲಿ ಎನ್ನುತ್ತದೆ, ಪೆಡಲಿಗೆ ಪಾದ ಇಟ್ಟ ಮಾತ್ರಕ್ಕೆ ಸುಮ್ಮನಾಗುತ್ತದೆ. ಹಾಗಾಗಿ ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಬಯಲಿನಲ್ಲಿ ನ್ಯೂಟ್ರಲ್‌ನಲ್ಲಿಟ್ಟು ಪೆಡಲನ್ನು ಬಹಳ ನಿಧಾನವಾಗಿ ಒತ್ತುತ್ತ ಹೋಗಿ. ಮೊದಲ ಸ್ಪರ್ಶಕ್ಕೇ ನಿಂತರೆ ಬೇರಿಂಗ್ ಅಥವಾ ಅದನ್ನು ತಳ್ಳುವ ಫೋರ್ಕ್. ಕ್ಲಚ್ ಬಿಡಿಸಿಕೊಳ್ಳುವ ಜಾಗಕ್ಕೆ ಬಂದ ಮೇಲೆಯೇ ನಿಂತರೆ ಗೇರ್ ಬಾಕ್ಸ್ ಇಲ್ಲವೇ ಫ್ಲೈವೀಲ್.

ಇನ್ನೂ ಕೆಲವು ಸಂಗತಿ ಬೇಕು. ಆಕ್ಸಿಲರೇಟರ್ ಕೊಟ್ಟು ಎಂಜಿನ್ನನ್ನು 1,500 ಆರ್‌ಪಿಎಂಗೆ ಏರಿಸಿದರೆ ಶಬ್ದ ಕಡಿಮೆಯಾಗುತ್ತದೆಯೇ, ಅಥವಾ ಜೊತೆಗೇ ಏರುತ್ತದೆಯೇ? ಬೇರಿಂಗಾದರೆ ವೇಗದ ಜೊತೆ ಕೂಗು ಏರುತ್ತದೆ. ಆಫ್ ಮಾಡುವ ಕ್ಷಣದಲ್ಲಿ ಹೇಗಿದೆ? ಬೆಳಿಗ್ಗೆ ಸ್ಟಾರ್ಟರ್ ಚುರುಕಾಗಿ ತಿರುಗುತ್ತದೆಯೇ?

ಶಿರಸಿಯಿಂದ

ಕುಮಟಾದವರು ಹೇಳಿದ್ದು ನಿಜ, ತಗಡಿನ ಒಂದು ಕ್ಲಿಪ್ ಕೊಳೆತು ಹೋಗಿತ್ತು. ತಂತಿ ಬಿಗಿದ ಮೇಲೆ ಮೇಲಿನ ಕಿಣಿಕಿಣಿ ಹೋಯಿತು, ಒಳಗಿನ ಗಡಗಡ ಉಳಿದಿದೆ. ಪೆಡಲ್ ಅರ್ಧ ದಾಟಿದ ಮೇಲೆಯೇ ಅದು ನಿಲ್ಲುತ್ತದೆ, ಮೊದಲ ಸ್ಪರ್ಶಕ್ಕಲ್ಲ. 1,500ಕ್ಕೆ ಏರಿಸಿದರೆ ಹೆಚ್ಚುಕಡಿಮೆ ಕೇಳಿಸುವುದಿಲ್ಲ. ಆಫ್ ಮಾಡುವಾಗ ‘ದಡ್’ ಎಂದು ಒಂದು ಏಟು, ಸೀಟಿಗೂ ತಾಗುತ್ತದೆ. ನಾಲ್ಕನೇ ಗೇರಿನಲ್ಲಿ 1,200ರ ಆಸುಪಾಸು ಎಳೆಸಿದರೆ ಕಾಲ ಕೆಳಗೆ ಗುಂಯ್ ಎನ್ನುತ್ತದೆ. ಬ್ಯಾಟರಿ ಹಳೆಯದು, ಬೆಳಿಗ್ಗೆ ಸ್ಟಾರ್ಟರ್ ಎಳೆದಾಡುತ್ತದೆ.

ಕಾರವಾರದಿಂದ

ಆಫ್ ಮಾಡುವಾಗಿನ ಏಟು ದೊಡ್ಡ ಸುಳಿವು. ನಿಮ್ಮ ಕಾರಿನಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ ಇದೆಯೇ ಎಂದು ಛಾಸಿ ನಂಬರ್ ಕೊಟ್ಟು ಬಿಡಿಭಾಗದವರಲ್ಲಿ ಕೇಳಿ, ಏಕೆಂದರೆ ಎಲ್ಲ ಡೀಸೆಲ್ ಕಾರಿನಲ್ಲೂ ಇರುವುದಿಲ್ಲ. ಇದ್ದರೆ ನನ್ನ ಅನುಮಾನ ಅದರ ಮೇಲೆಯೇ.

ಅದು ಎರಡು ತೂಕದ ಚಕ್ರಗಳು, ನಡುವೆ ಗ್ರೀಸ್ ತುಂಬಿದ ಉದ್ದನೆಯ ಬಾಗಿದ ಸ್ಪ್ರಿಂಗುಗಳು. ಡೀಸೆಲ್ ಎಂಜಿನ್ನಿನ ಹೊಡೆತ ಗೇರುಗಳಿಗೆ ತಲುಪದಂತೆ ತಡೆಯುವುದು ಅದರ ಕೆಲಸ. ಈ ಜೋಡಿ ವಿಪರೀತ ಅದುರುವ ಒಂದು ವೇಗವಿದೆ. ಅದು ಐಡಲ್‌ಗಿಂತ ಕೆಳಗೆ ಬರುವಂತೆ ತಯಾರಿಸಿರುತ್ತಾರೆ. ಹಾಗಾಗಿ ಪ್ರತಿ ಸಲ ಚಾಲೂ ಮಾಡುವಾಗಲೂ ಆಫ್ ಮಾಡುವಾಗಲೂ ಎಂಜಿನ್ ಆ ವೇಗವನ್ನು ದಾಟಲೇಬೇಕು. ಸ್ಟಾರ್ಟರ್ ನಿಧಾನವಾದರೆ ಅಲ್ಲೇ ಹೆಚ್ಚು ಹೊತ್ತು ಸಿಕ್ಕಿಕೊಂಡು ಸ್ಪ್ರಿಂಗಿಗೆ ಪೆಟ್ಟು. ಬ್ಯಾಟರಿಯನ್ನು ಕಡೆಗಣಿಸಬೇಡಿ. ಇಂಜೆಕ್ಟರ್ ತಪಾಸಣೆಯನ್ನೂ ಮಾಡಿಸಿ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ಒಳ್ಳೆಯ ಫ್ಲೈವೀಲೂ ಗಡಗಡಿಸುತ್ತದೆ, ಹೊಸದು ಹಾಕಿದರೆ ಅದೂ ಬೇಗ ಹಾಳಾಗುತ್ತದೆ.

ಇವೆರಡೂ ಸರಿಯಿದ್ದು ಶಬ್ದ ಉಳಿದರೆ ಮಾತ್ರ ಗೇರ್ ಬಾಕ್ಸ್ ಇಳಿಸಿ, ಆಗ ಎದುರಿಗೇ ನಿಲ್ಲಿ. ಇನ್‌ಪುಟ್ ಶಾಫ್ಟನ್ನು ಕೈಯಿಂದ ತಿರುಗಿಸಿ ಬೇರಿಂಗ್ ಒರಟಾಗಿದೆಯೇ ನೋಡಿಸಿ. ಕ್ಲಚ್ ಪ್ಲೇಟಿನಲ್ಲಿ ಸ್ಪ್ರಿಂಗುಗಳಿದ್ದರೆ ಅವು ಸಡಿಲವಾಗಿವೆಯೇ ನೋಡಿಸಿ. ಆಮೇಲೆ ಫ್ಲೈವೀಲಿನ ಹೊರ ಚಕ್ರವನ್ನು ಎಡಕ್ಕೂ ಬಲಕ್ಕೂ ಸ್ಪ್ರಿಂಗಿನ ಒತ್ತಡ ಸಿಗುವವರೆಗೆ ತಿರುಗಿಸಿ, ಆ ಸಡಿಲ ಸ್ಟಾರ್ಟರ್ ರಿಂಗಿನ ಎಷ್ಟು ಹಲ್ಲಿನಷ್ಟಿದೆ ಎಂದು ಎಣಿಸಬೇಕು. ಎಷ್ಟು ಹಲ್ಲಿನವರೆಗೆ ಸರಿ ಎನ್ನುವುದು ಒಂದೊಂದು ಮಾದರಿಗೆ ಬೇರೆ, ತಯಾರಕರ ಪಟ್ಟಿಯಲ್ಲಿ ಇರುತ್ತದೆ. ‘ಅಲ್ಲಾಡುತ್ತಿದೆ, ಹೋಯಿತು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೊಸದೂ ಸ್ವಲ್ಪ ಅಲ್ಲಾಡುತ್ತದೆ.

ಶಿರಸಿಯಿಂದ

ಬ್ಯಾಟರಿ ಬದಲಿಸಿದೆ, ಇಂಜೆಕ್ಟರ್ ಸರಿಯಿದೆ ಎಂದರು. ಏಟು ಸ್ವಲ್ಪ ತಗ್ಗಿತೇ ಹೊರತು ಗಡಗಡ ಹೋಗಲಿಲ್ಲ. ಬೇರೆ ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಇಳಿಸಿದರು, ನಾನೂ ಜೊತೆಗಿದ್ದೆ. ಕವಚದ ಒಳಗೋಡೆಯ ತುಂಬ ಕಪ್ಪು ಗ್ರೀಸ್ ಸಿಡಿದು, ಅದರ ಮೇಲೆ ಕ್ಲಚ್ಚಿನ ಪುಡಿ ಕೂತು ಮಯಣದಂತಾಗಿತ್ತು. ಉಗುರಿನಲ್ಲಿ ಕೆರೆದರೆ ಸುರುಳಿಯಾಗಿ ಏಳುತ್ತಿತ್ತು. ಫ್ಲೈವೀಲಿನ ಸಡಿಲ ಪಟ್ಟಿಯ ಮಿತಿಗಿಂತ ಬಹಳ ಹೆಚ್ಚಿತ್ತು. ರಿಲೀಸ್ ಬೇರಿಂಗ್ ಕೈಯಲ್ಲಿ ನುಣುಪಾಗಿ ತಿರುಗಿತು, ಇನ್‌ಪುಟ್ ಶಾಫ್ಟೂ ಸರಿಯಿದೆ. ಈಗ ಗ್ಯಾರೇಜಿನವರು ಸಾದಾ ಒಂಟಿ ಫ್ಲೈವೀಲ್ ಹಾಕಿದರೆ ಅಗ್ಗ ಎನ್ನುತ್ತಿದ್ದಾರೆ. ಹಾಕಬಹುದೇ?

ಕಾರವಾರದಿಂದ

ನನ್ನ ಮಾತು ಕೇಳಿದರೆ ಬೇಡ. ಒಂಟಿ ಫ್ಲೈವೀಲಿಗೆ ಸ್ಪ್ರಿಂಗ್ ಇರುವ ಬೇರೆ ಕ್ಲಚ್ ಪ್ಲೇಟ್ ಬೇಕು. ಅದನ್ನು ಹಾಕಿದರೂ ಎಂಜಿನ್ನಿನ ಅದುರು ಮೊದಲಿಗಿಂತ ಹೆಚ್ಚಾಗಿ ಗೇರ್ ಬಾಕ್ಸಿಗೆ ಹೋಗುತ್ತದೆ. ಘಟ್ಟದಲ್ಲಿ ಭಾರ ಎಳೆಯುವ ಗಾಡಿಗೆ ಅದು ಒಳ್ಳೆಯದಲ್ಲ. ಮೊದಲಿದ್ದ ಬಗೆಯದನ್ನೇ ತರಿಸಿ. ಹಳೆಯದನ್ನು ಲೇತಿಗೆ ಕೊಟ್ಟು ಮುಖ ನುಣುಪು ಮಾಡಿಸಿದರೂ ಪ್ರಯೋಜನವಿಲ್ಲ, ಸವೆದಿರುವುದು ಒಳಗೆ.

ಗೇರ್ ಬಾಕ್ಸ್ ಇಳಿದಿರುವಾಗ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಹೊಸದು ಹಾಕಿಸಿ. ಬೇರಿಂಗ್ ಇವತ್ತು ಚೆನ್ನಾಗಿದ್ದರೂ ನಾಳೆ ಅದಕ್ಕಾಗಿಯೇ ಮತ್ತೆ ಇಷ್ಟೇ ಕೂಲಿ ಕೊಡಬೇಕಾಗುತ್ತದೆ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಒದ್ದೆಯಾಗಿದೆಯೇ ನೋಡಿಸಿ. ಫ್ಲೈವೀಲಿನ ಬೋಲ್ಟುಗಳು ಹೊಸವೇ ಇರಲಿ, ಕೈಪಿಡಿಯ ಪ್ರಕಾರ ಟಾರ್ಕ್ ರೆಂಚಿನಿಂದಲೇ ಬಿಗಿಯಲಿ.

ಶಿರಸಿಯಿಂದ

ಹುಬ್ಬಳ್ಳಿಯಿಂದ ಸಾಮಾನು ತರಿಸಿ ಎಲ್ಲವನ್ನೂ ಹಾಕಿಸಿದೆ. ಐಡಲ್‌ನಲ್ಲಿ ಶಬ್ದವಿಲ್ಲ, ಆಫ್ ಮಾಡಿದರೆ ಏಟಿಲ್ಲ. ನಿನ್ನೆ ನಾಲ್ಕು ಜನ ಕೂತು ದೇವಿಮನೆ ಹತ್ತಿಸಿದೆವು, ತಿರುವಿನಲ್ಲಿ ಮೂರನೆಯದರಲ್ಲೇ ಎಳೆಸದೆ ಬೇಗ ಎರಡಕ್ಕೆ ಇಳಿಸಿದೆ. ತಗಡಿಗೆ ತಂತಿಯ ಬದಲು ಸ್ಟೇನ್‌ಲೆಸ್ ಕ್ಲಿಪ್ ಹಾಕಿಸುವುದು ಬಾಕಿ. ಇಬ್ಬರಿಗೂ ಮನಸಾರೆ ಧನ್ಯವಾದ.