ಸಹಾಯ ಬೇಕು: ಕೋಡಿ ಬಿದ್ದರೆ ನಮ್ಮೂರು ನಡುಗಡ್ಡೆ

ಕೊರಟಗೆರೆ ಕಡೆಯವರಿಗೆ, ಅರ್ಜಿ ಬರೆಯುವುದರಲ್ಲಿ ಪಳಗಿದವರಿಗೆ ನಮಸ್ಕಾರ.

ನಮ್ಮ ಹಳ್ಳಿಗೆ ಒಂದು ಕಡೆ ಜಯಮಂಗಲಿ ನದಿ, ಇನ್ನೊಂದು ಕಡೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿಯುವ ಕೋಡಿಹಳ್ಳ. ದೇವರಾಯನದುರ್ಗದ ಕಡೆ ಮಳೆ ಜೋರಾದರೆ ಎರಡೂ ಒಟ್ಟಿಗೆ ಏರಿ ತಗ್ಗು ಸೇತುವೆ ಮುಳುಗುತ್ತದೆ. ಬಯಲುಸೀಮೆಯಲ್ಲಿ ದ್ವೀಪವೇ ಎಂದು ನಗಬೇಡಿ. ಡೇರಿಗೆ ಹಾಲು ಹಾಕುವವರು ಕ್ಯಾನನ್ನು ತಲೆಯ ಮೇಲಿಟ್ಟು, ಸೊಂಟಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ದಾಟುತ್ತಾರೆ. ಮಕ್ಕಳಿಗಂತೂ ಶಾಲೆ ಇಲ್ಲ.

ಕೋಡಿಯನ್ನೇ ತಗ್ಗಿಸಿ ಎನ್ನುವವರು ಊರಿನಲ್ಲಿದ್ದಾರೆ. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದಾಗ ಕೆರೆಯಲ್ಲಿ ನೀರಿಲ್ಲವೆಂದು ಗೋಳಾಡುವವರೂ ಇವರೇ! ಸೇತುವೆ ಎತ್ತರಿಸುವುದೊಂದೇ ದಾರಿ ಎಂಬುದು ನನ್ನ ವಾದ. ಆದರೆ ಕೇಳುವುದು ಯಾರನ್ನು? ಒಬ್ಬ ಅಧಿಕಾರಿ ರಸ್ತೆ ನಮ್ಮದಲ್ಲ ಎಂದರೆ ಇನ್ನೊಬ್ಬರು ಹಳ್ಳ ನಮ್ಮದಲ್ಲ ಎನ್ನುತ್ತಾರೆ.

ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರ್ ದಾಟಿದ ಕೆರೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ನಮ್ಮ ಕೆರೆಯ ಲೆಕ್ಕ ತಿಳಿಯಲು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬೇಕೆಂದಿದ್ದೇವೆ. ನುಣುಚಿಕೊಳ್ಳಲು ಆಗದಂತೆ ಪ್ರಶ್ನೆಗಳನ್ನು ಹೇಗೆ ಬರೆಯಬೇಕು? ಇಂಥ ಅರ್ಜಿಯ ನಕಲು ಇದ್ದವರು ದಯವಿಟ್ಟು ಇಲ್ಲಿ ಹಾಕಿ. ಈಗಾಗಲೇ ಸೇತುವೆ ಮಾಡಿಸಿಕೊಂಡ ಊರಿನವರು ಯಾವ ಕಚೇರಿಯಿಂದ ಶುರು ಮಾಡಿದಿರಿ ಎಂಬುದನ್ನೂ ತಿಳಿಸಿ. ಹಿಂಗಾರಿಗೆ ಮೊದಲೇ ಅರ್ಜಿ ಕೊಡಬೇಕಾಗಿದೆ.