ಆಸ್ಪತ್ರೆಯ ಗೇಟಿನಾಚೆ ಸಿಗರೇಟು: ವೈದ್ಯರ ಸ್ವಂತ ವಿಷಯವೇ?

ಹೃದ್ರೋಗ ವಾರ್ಡಿನ ಶುಶ್ರೂಷಕಿ:
ಬೆಳಗಿನ ರೌಂಡ್ಸ್‌ನಲ್ಲಿ ರೋಗಿಗೆ ಬೀಡಿ ಬಿಡುವಂತೆ ಗದರಿದ ವೈದ್ಯರು, ಸ್ವಲ್ಪ ಹೊತ್ತಿಗೇ ಗೇಟಿನೆದುರಿನ ಚಹಾದಂಗಡಿಯಲ್ಲಿ ಸಿಗರೇಟು ಹಚ್ಚಿರುತ್ತಾರೆ. ರೋಗಿಯ ಮಗ ಅಲ್ಲೇ ಇಡ್ಲಿ ಕಟ್ಟಿಸಿಕೊಳ್ಳುತ್ತಾ ನೋಡುತ್ತಿರುತ್ತಾನೆ. ಆಮೇಲೆ ನಾನು ಹೇಳುವ ಬುದ್ಧಿಮಾತನ್ನು ಆ ಮನೆಯವರು ಏಕೆ ಕೇಳಬೇಕು? ಇದನ್ನು ಸ್ವಂತ ವಿಷಯವೆಂದು ನಾನು ಒಪ್ಪುವುದಿಲ್ಲ.

ಪಿಜಿ, ಎರಡನೇ ವರ್ಷ:
ಮೇಡಂ, ನಾನೂ ಸೇದುತ್ತೇನೆ. ನಿವಾಸಿ ವೈದ್ಯರ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಸ್ನಾತಕೋತ್ತರ (ಪಿಜಿ) ಓದುವ ನಮ್ಮಂಥವರ ಕೆಲಸ ಸಾಮಾನ್ಯವಾಗಿ ಒಮ್ಮೆಗೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ಅದು ಪಾಲನೆಯಾಗುವ ಒಂದು ವಾರ್ಡನ್ನು ತೋರಿಸಿ. ಊಟಕ್ಕೆ ಹೋಗುತ್ತೇನೆಂದರೆ ಮುಖ ಸಿಂಡರಿಸುವವರು, ಸಿಗರೇಟಿಗೆ ಹೋಗುತ್ತೇನೆಂದರೆ ಬಿಡುತ್ತಾರೆ. ನಮಗೆ ಸಿಗುವ ಏಕೈಕ ಬಿಡುವು ಅದು. ಅದನ್ನೂ ಕಿತ್ತುಕೊಂಡು ಏನು ಕೊಡುತ್ತೀರಿ?

ಮನೋವೈದ್ಯೆ, ಮೈಸೂರು:
ಬಿಡುವು ಬೇಕೆನ್ನುವುದು ನೂರಕ್ಕೆ ನೂರು ನಿಜ. ಆದರೆ ಸಿಗರೇಟಿನಿಂದ ಒತ್ತಡ ಇಳಿಯುತ್ತದೆ ಎನ್ನುವುದು ಮೋಸ. ರಕ್ತದಲ್ಲಿ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಆಗ ಹುಟ್ಟುವ ಚಡಪಡಿಕೆಯನ್ನು ಮುಂದಿನ ಸಿಗರೇಟು ತಣಿಸುತ್ತದೆ. ನೆಮ್ಮದಿ ಎಂದು ನಮಗೆ ಅನ್ನಿಸುವುದರಲ್ಲಿ ಬಹುಪಾಲು ಅದೇ. ಆ ನೆಮ್ಮದಿಗೆ ತೆರುವ ಬೆಲೆ ಏನೆಂದು ತಿಳಿಯಲು ವೈದ್ಯರನ್ನೇ ನೋಡಬಹುದು. 1951ರಲ್ಲಿ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ ಬ್ರಿಟನ್ನಿನ ವೈದ್ಯರ ಧೂಮಪಾನದ ಲೆಕ್ಕ ಇಡಲು ತೊಡಗಿದರು. ಐವತ್ತು ವರ್ಷಗಳ ನಂತರ ಕಂಡದ್ದು: ಸೇದುತ್ತಲೇ ಉಳಿದವರ ಆಯುಸ್ಸು ಸರಾಸರಿ ಹತ್ತು ವರ್ಷ ಕಡಿಮೆ. ಮೂವತ್ತರಲ್ಲಿ ಬಿಟ್ಟವರು ಆ ನಷ್ಟದಿಂದ ಹೆಚ್ಚುಕಡಿಮೆ ಪಾರಾದರು, ಐವತ್ತರಲ್ಲಿ ಬಿಟ್ಟವರೂ ಸುಮಾರು ಆರು ವರ್ಷ ಉಳಿಸಿಕೊಂಡರು. ಪಿಜಿಯ ವಯಸ್ಸಿನಲ್ಲಿ ಬಿಡುವುದಕ್ಕೆ ಅಷ್ಟು ಬೆಲೆಯಿದೆ.

ಆಂಬುಲೆನ್ಸ್ ಚಾಲಕ:
ಎಲ್ಲರೂ ವೈದ್ಯರ ಬಗ್ಗೆಯೇ ಮಾತನಾಡುತ್ತಿದ್ದೀರಿ. ಸ್ಟ್ರೆಚರ್ ತಳ್ಳುವವರು, ಶವಾಗಾರದವರು, ಶೌಚಾಲಯ ತೊಳೆಯುವವರು ಆಸ್ಪತ್ರೆಯವರಲ್ಲವೇ? ನಮ್ಮಲ್ಲಿ ಬೀಡಿಗಿಂತ ತಂಬಾಕು ಜಗಿಯುವವರು ಹೆಚ್ಚು, ವಾಸನೆಗೆ ಅದೇ ಮದ್ದೆಂದು ಹಿರಿಯರು ಕಲಿಸಿಬಿಡುತ್ತಾರೆ. ಕರ್ನಾಟಕದಲ್ಲಿ 2025ರಿಂದ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ ಸಾವಿರ ರೂಪಾಯಿವರೆಗೆ. ಗುತ್ತಿಗೆ ನೌಕರನಿಗೆ ಅದು ಎರಡು ದಿನದ ಕೂಲಿ. ದಂಡ ಹಾಕುವುದಿದ್ದರೆ ದೊಡ್ಡ ಡಾಕ್ಟರರಿಂದ ಆರಂಭಿಸಿ.

ಹೃದ್ರೋಗ ವಾರ್ಡಿನ ಶುಶ್ರೂಷಕಿ:
ಅಣ್ಣ, ನಿಮ್ಮ ಮಾತು ಸರಿ. ದಂಡ ಒಂದೇ ಸಾಲದು. ಆದರೆ ಪಾಳಿ ಸರಿಹೋಗುವವರೆಗೆ ಸೇದುತ್ತೇನೆ ಎನ್ನುವ ಪಿಜಿಯವರ ವಾದ ನನಗೆ ಒಪ್ಪಿಗೆಯಿಲ್ಲ. ನಾನೂ ರಾತ್ರಿ ಪಾಳಿ ಮಾಡುತ್ತೇನೆ, ನನ್ನ ಜೊತೆಯವರೂ ಮಾಡುತ್ತಾರೆ. ನಾವು ಹೆಣ್ಣುಮಕ್ಕಳು ಆ ಚಹಾದಂಗಡಿಗೆ ಹೋಗುವುದಿಲ್ಲ, ಹಾಗಾಗಿ ಆ ಬಿಡುವೂ ನಮಗಿಲ್ಲ.

ಪಿಜಿ, ಎರಡನೇ ವರ್ಷ:
ಆ ಬಿಡುವು ನಿಮಗೂ ಸಿಗಬೇಕು ಎಂದೇ ನಾನೂ ಕೇಳುತ್ತಿರುವುದು. ಪಾಳಿಯ ನಡುವೆ ಇಪ್ಪತ್ತು ನಿಮಿಷ, ಕೂರಲು ಕೋಣೆ, ಸೇದಿದರೂ ಸೇದದಿದ್ದರೂ.

ಮನೋವೈದ್ಯೆ, ಮೈಸೂರು:
ಅದನ್ನು ಲಿಖಿತವಾಗಿ ಕೇಳಿ, ನಾನೂ ಸಹಿ ಹಾಕುತ್ತೇನೆ. ಅದೇ ಮನವಿಯಲ್ಲಿ ಸಿಬ್ಬಂದಿಗೆ ಚಟ ಬಿಡಲು ನೆರವಾಗುವ ನಿಕೋಟಿನ್ ಗಮ್ ಉಚಿತವಾಗಿ ಕೊಡಬೇಕೆಂದು ಸೇರಿಸಿ. ಅದರ ಖರ್ಚು ಗುತ್ತಿಗೆಯವರ ಜೇಬಿಗೆ ಬೀಳಬಾರದು. ಈ ವಾರವೇ ಬಿಡಲು ಶುರು ಮಾಡುವವರಿಗೆ ಸಿಗರೇಟು ಪ್ಯಾಕಿನ ಮೇಲಿರುವ 1800-11-2356 ಉಚಿತ ಸಹಾಯವಾಣಿ ಇದೆ. ಬೀಡಿ ಬಿಡುವವರಿಗೂ, ತಂಬಾಕು ಬಿಡುವವರಿಗೂ ಅದೇ.

ಆಂಬುಲೆನ್ಸ್ ಚಾಲಕ:
ಮನವಿ ಬರೆಯುವಾಗ ನಮ್ಮ ಶೆಡ್ಡಿಗೂ ಬನ್ನಿ ಮೇಡಂ. ಅಲ್ಲಿ ಕೂರಲು ಬೆಂಚೂ ಇಲ್ಲ.